ಕೂಲರಿನೊಳಗಿನ ಸಮುದ್ರ

ಮೇ ಐದರ ಸೋಮವಾರ, ಕೋಟನೂರಿನ ದೌಲಪ್ಪನವರು ಮನೆಗಿದ್ದ ಒಂದೇ ಕೂಲರನ್ನು ಮಲಗುವ ಕೋಣೆಯಿಂದ ಪಡಸಾಲೆಗೆ ಎಳೆದು ತಂದು, ಅದರ ತೊಟ್ಟಿಗೆ ಮೂರು ಕಿಲೋ ಕಲ್ಲುಪ್ಪು ಸುರಿದರು. ಕಮಲಾಪುರದಿಂದ ಏಳು ಸಸಿ ಹೇರಿಕೊಂಡು ಬಂದಿದ್ದ ನರ್ಸರಿಯ ಗುಲಾಮ್ ರಸೂಲ್, ಇಳಿಸುವುದನ್ನು ನಿಲ್ಲಿಸಿ ನೋಡಿದ.

"ಏನ್ ನಡಿಸೀರಿ ಸಾಹೇಬ್ರ?"

"ಸಮುದ್ರ ಮಾಡಾಕತ್ತೀನಿ. ಹತ್ತು ದಿನ ಈ ಉಪ್ಪಿನ ಗಾಳಿ ತಡಕೊಂಡ ಸಸಿ ಕಾರವಾರಕ್ಕ ಹೋಗ್ತದ. ಸಾಯೋದು ಇಲ್ಲೇ ಸಾಯ್ಲಿ, ಬೀಗರ ಕಣ್ಮುಂದ ಬ್ಯಾಡ."

ಹೆಂಡತಿ ನಾಗರತ್ನಾ ಬಾಗಿಲಲ್ಲಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಕಾರವಾರದಲ್ಲಿ ಮಗಳು ಪ್ರೀತಿಯ ಗಂಡನ ಮನೆಯ ಎದುರೇ ಕಡಲು. ಕಳೆದ ವರ್ಷ ಗೃಹಪ್ರವೇಶಕ್ಕೆ ಇವರು ಹೆಮ್ಮೆಯಿಂದ ಒಯ್ದ ಸಸಿಗಳೆಲ್ಲ ಎರಡೇ ತಿಂಗಳಲ್ಲಿ ಸುಟ್ಟಂತಾದವು. "ನಿಮ್ಮ ಬದಿಯವು ಸ್ವಲ್ಪ ನಾಜೂಕು ಅಲ್ವಾ?" ಎಂದು ಬೀಗಿತ್ತಿ ಫೋನಿನಲ್ಲಿ ನಕ್ಕಿದ್ದಳು. ಆ ಮಾತು ಸಸಿಗೋ ಸೊಸೆಗೋ ಎಂಬುದು ನಾಗರತ್ನಾಳಿಗೆ ಇಂದಿಗೂ ಇತ್ಯರ್ಥವಾಗಿರಲಿಲ್ಲ. ಆದ್ದರಿಂದ ಕೂಲರನ್ನು ಬಿಟ್ಟುಕೊಟ್ಟಿದ್ದಳು. ಹೊರಗೆ ಬಿಸಿಲು ನಲವತ್ತಮೂರು ಡಿಗ್ರಿ.

"ಬಾಳಿ ಮುಂದ ಇಡ್ರಿ," ಎಂದ ಗುಲಾಮ್ ರಸೂಲ್, ಕೆಂಪು ಬಾಳೆಯ ಬೆನ್ನು ತಟ್ಟುತ್ತ. "ಕಮಲಾಪುರದ್ದದ. ನಿಮ್ಮ ಸಮುದ್ರಾನೇ ಹೆದರಿ ಹಿಂದಕ್ಕ ಸರೀತದ, ನೋಡ್ರಿ."

ನಾಲ್ಕನೆಯ ದಿನ ಬಾಳೆಯ ಎಲೆಗಳು ಹರಿದ ಲುಂಗಿಯಂತೆ ಜೋತುಬಿದ್ದವು. ಸುದ್ದಿ ಕೇಳಿದ ಗುಲಾಮ್ ರಸೂಲ್ ಫೋನಿನಲ್ಲೇ ಸಿಡುಕಿದ: "ಉಪ್ಪು ನೀವು ಜಾಸ್ತಿ ಸುರದೀರಿ. ಖುದಾ ಸುದ್ದಾ ಸಮುದ್ರಕ್ಕ ಅಷ್ಟು ಹಾಕಿಲ್ರಿ!" ಆಮೇಲೆ ಗುಲಾಬಿ ಹೋಯಿತು, ಮಲ್ಲಿಗೆ ಹೋಯಿತು, ಸೀತಾಫಲ ಒಂದು ದಿನ ಹಟ ಹಿಡಿದು ಅದೂ ಹೋಯಿತು. ಉಳಿದವು ಕಣಗಿಲ, ಕಾಗದದ ಹೂವು, ಹೊಂಗೆ.

ಕೂಲರಿಲ್ಲದ ಒಳಕೋಣೆಯಲ್ಲಿ ಕುಳಿತರೆ ಬೇಯುವಂತಿತ್ತು. ನಾಗರತ್ನಾ ಮೊದಲ ದಿನವೇ ಕುರ್ಚಿಯನ್ನು ತಂದು ಕಣಗಿಲಕ್ಕೂ ಹೊಂಗೆಗೂ ನಡುವೆ ಹಾಕಿಕೊಂಡಿದ್ದಳು. ಕಾಯಿಪಲ್ಲೆ ಹೆಚ್ಚುವುದು, ತೂಕಡಿಸುವುದು ಎಲ್ಲವೂ ಅಲ್ಲೇ. ಹಳೆಯ ಕೂಲರು ಉಪ್ಪುನೀರಿನ ಹನಿ ಉಗುಳುತ್ತಿತ್ತು. ಆಕೆಯ ಸೀರೆ ಗಂಜಿ ಹಾಕಿದಂತೆ ಸೆಟೆದು ನಿಂತಿತು.

"ಅತ್ತಾಗ ಸರಿ," ಎಂದರು ದೌಲಪ್ಪ. "ಹೊಂಗಿಗಿ ಗಾಳಿ ಅಡ್ಡ ಆಗ್ತದ. ನಿನ್ನ ಮರ್ಯಾಗ ನಿಂತು ಪಾಸಾದ್ರ ಅದು ಕಾಪಿ ಹೊಡದಂಗ."

"ಹೊಂಗಿ ಮ್ಯಾಲಿರೋ ಕಾಳಜಿ ನಿಮಗ ನನ್ನ ಮ್ಯಾಲಿಲ್ಲ ನೋಡ್ರಿ!"

"ಹೊಂಗಿ ನಿನ್ನಂಗ ಮಾತಾಡಂಗಿಲ್ಲ."

ಹತ್ತನೆಯ ದಿನ ಸಂಜೆ ಕೂಲರು ಒಮ್ಮೆ ಗೊರಗುಟ್ಟಿತು. ತುಕ್ಕು ತಿಂದ ತಳ ಕಳಚಿಬಿದ್ದು, ಸಮುದ್ರವೆಲ್ಲ ಪಡಸಾಲೆ ದಾಟಿ ಮೆಟ್ಟಿಲಿಳಿದು ಹೋಯಿತು. ದೌಲಪ್ಪನವರು ಅದರತ್ತ ನೋಡಲೇ ಇಲ್ಲ. ನೆಟ್ಟಗೆ ನಿಂತಿದ್ದ ಸಸಿಗಳನ್ನು ಒಂದೊಂದಾಗಿ ಮುಟ್ಟಿದರು.

"ಮೂರು ಪಾಸ್! ನಾಳೆ ಬಸ್ಸಿಗಿ ಹಾಕ್ತೀನಿ. ಬೀಗರ ಬಾಕಿ ಚುಕ್ತಾ."

ನಾಗರತ್ನಾ ತುಟಿಯ ಮೇಲಿನ ಉಪ್ಪನ್ನು ಒರೆಸಿಕೊಂಡಳು. "ಮೂರಲ್ರಿ, ನಾಲ್ಕು. ಹತ್ತೂ ದಿನ ನಾನೂ ಅಲ್ಲೇ ಇದ್ದೆ."

ಮರುದಿನ ಕಾರವಾರದ ದಾರಿಯ ಹುಬ್ಬಳ್ಳಿ ಬಸ್ಸಿನಲ್ಲಿ, ತೊಡೆಯ ಮೇಲೆ ಕಣಗಿಲ, ಕಾಲ ಬಳಿ ಉಳಿದೆರಡನ್ನು ಇಟ್ಟುಕೊಂಡು ಆಕೆ ಕಿಟಕಿಯ ಪಕ್ಕ ಕುಳಿತಳು. ಕೆಳಗೆ ಬೆವರುತ್ತ ನಿಂತಿದ್ದ ದೌಲಪ್ಪನವರು, "ಯಾವಾಗ ಬರ್ತಿ?" ಎಂದರು.

"ಹೊಸಾ ಕೂಲರ್ ತಂದ ದಿನ ಫೋನ್ ಮಾಡ್ರಿ," ಎಂದಳು. "ಅಲ್ಲೀತನಕ ನಾನೂ ಅಲ್ಲೇ ಬೇರು ಬಿಡ್ತೀನಿ."