ಹೊಸಿಲ ಮೇಲಿನ ಉಪ್ಪು

ಹೊರಗಿನಿಂದ ಅಗುಳಿ ಬಿತ್ತು. ರುಮೆನಾ ಎರಡೂ ಅಂಗೈಯಿಂದ ಬಾಗಿಲನ್ನು ತಳ್ಳಿದಳು. ಓಕ್ ಮರದ ಹಲಗೆ ಅಲುಗಲಿಲ್ಲ.

ಕುರಿಹಾಲಿನ ಚೀಸ್ ಇಡುವ ನೆಲಮಾಳಿಗೆ ಅದು. ಕಿಟಕಿ ಇಲ್ಲ, ಮೇಲೆ ಅಂಗೈಯಗಲದ ಒಂದು ಗಾಳಿಕಿಂಡಿ. ಉಪ್ಪುನೀರಿನ ವಾಸನೆ ಮೂಗಿಗೆ ಮೆತ್ತಿಕೊಂಡಿತ್ತು. ಸಂಜೆ ಪ್ರಾರ್ಥನೆಯ ಗಂಟೆ ಹೊಡೆದರೆ ಊರ ಹಿರಿಯರು ಬಂದು ಅವಳನ್ನು ಕಮರಿಯ ಅಂಚಿಗೆ ಎಳೆದೊಯ್ಯುವವರಿದ್ದರು. ಕೊಲೆಗೆ ಆ ಬೆಟ್ಟದೂರಲ್ಲಿ ಬೇರೆ ಶಿಕ್ಷೆ ಇರಲಿಲ್ಲ.

ಹದಿನೇಳರ ಹುಡುಗಿ. ಅವಳು ಕೈಯಿಟ್ಟರೆ ಎಂಥ ಗಾಯವೂ ಕೂಡಿಕೊಳ್ಳುತ್ತಿತ್ತು. ಜಡೆ ಹೆಣೆದಂಥ ಒಂದು ಬಿಳಿ ಗೆರೆ ಮಾತ್ರ ಉಳಿಯುತ್ತಿತ್ತು. ಸಾಯುವಾಗ ಅಜ್ಜಿ ಬಿಟ್ಟುಹೋದ ಕೈಗುಣ ಅದು. ಅಜ್ಜಿ ಮುಚ್ಚಿದ ಗಾಯಗಳ ಹೊಣೆಯೂ ಜೊತೆಗೇ ಬಂದಿತ್ತು; ಅವೂ ಈಗ ಅವಳ ಕೈಯವೇ. ಕಟ್ಟುಪಾಡು ಒಂದೇ: ವಾಸಿಯಾದವರು ಹೊಸಿಲ ಮೇಲೆ ಚಿಟಿಕೆ ಉಪ್ಪಿಟ್ಟು ಸುಮ್ಮನೆ ಹೋಗಬೇಕು. ಆ ಕೈಗೆ ಬಾಯಿಬಿಟ್ಟು ಉಪಕಾರ ಹೇಳಿದರೋ, ಗಾಯ ಮತ್ತೆ ತೆರೆದುಕೊಳ್ಳುತ್ತದೆ. ಆಮೇಲೆ ಯಾರ ಕೈಗೂ ಮುಚ್ಚುವುದಿಲ್ಲ. ಊರ ಮಕ್ಕಳಿಗೆ ಮಾತಿನ ಜೊತೆಗೇ ಇದನ್ನೂ ಕಲಿಸುತ್ತಿದ್ದರು.

ನಿನ್ನೆ ಅವಳು ಮುಸುಕಿನ ಜೋಳ ಬೀಸಿಸಲು ಹೋಗಿದ್ದಳು. ಗಿರಣಿಯ ಗಾಂಚೊ ಕುಡಿದ ಅಮಲಿನಲ್ಲಿ ಕಿಟಕಿಯಿಂದ ಬಗ್ಗಿ, “ಉಪಕಾರ ಆಯ್ತು ಕಣೇ ತಾಯಿ!” ಎಂದು ಕೂಗಿದ. ಹಿಂದೆ ಅವಳು ಮುಚ್ಚಿದ್ದ ಕೊಡಲಿ ಏಟು ಎದೆಯ ಮೇಲೆ ಬಾಯಿಬಿಟ್ಟಿತು; ಅವನು ಅಲ್ಲೇ ಸತ್ತ. ಅವಳೇ ಮರುಳು ಮಾಡಿ ಹೇಳಿಸಿದಳು ಎಂದು ಅವನ ತಮ್ಮ ಮಾನೋಲ್ ಹಿರಿಯರ ಮುಂದೆ ಎದೆ ಬಡಿದುಕೊಂಡ.

ಈಗ ಅಗುಳಿ ತೆಗೆದು ಬಂದವನೂ ಮಾನೋಲನೇ. ಒಳಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಪೀಪಾಯಿಯ ಮೇಲೆ ಕೂತ. ಕೊರಳಿಗೆ ಬಿಳಿ ಉಣ್ಣೆಯ ವಸ್ತ್ರ, ಕೈಯಲ್ಲಿ ಪ್ಲಮ್ ಸಾರಾಯಿಯ ಕುಪ್ಪಿ.

“ಏನೇ ವೈದ್ಯಗಿತ್ತಿ, ಗಾಳಿ ಸಾಕಾಗ್ತಿದ್ಯಾ?”

“ಮಾನೋಲಣ್ಣ, ನಿನ್ನೆ ಗಿರಣಿ ಒಳಗೆ ನಿಮ್ಮಣ್ಣನ ಜೊತೆ ಇದ್ದೋನು ನೀನೊಬ್ನೇ.”

“ಹೌದಲ್ಲ!” ಅವನು ನಕ್ಕ. “ಜೀವ ಉಳಿಸಿದ ಹುಡುಗಿ ಹೊರಗೆ ನಿಂತವಳೆ, ಮುದುಕಿಯರ ಕಥೆಗೆ ಹೆದರ್ಕೊಂಡು ಕೂತಿದ್ದೀಯೇನೋ, ಗಂಡಸಾ ನೀನು ಅಂದೆ. ಕುಡಿದೋನಿಗೆ ಅಷ್ಟು ಸಾಕು. ಗಿರಣಿ ಇರೋದು ಒಂದು, ಅಣ್ಣತಮ್ಮ ಇಬ್ರು.”

“ಇದನ್ನ ಹಿರಿಯರಿಗೆ ಹೇಳು. ನಾನು ಬದುಕ್ಬೇಕು.”

“ಹೇಳ್ತೀನಿ, ಹೇಳ್ತೀನಿ. ನಿನ್ನ ತಿಥಿಗೆ ಗೋಧಿ ಬೇಯಿಸಿ ಹಂಚೋ ದಿನ.”

ಕುಪ್ಪಿಯನ್ನು ಕೆಳಗಿಡಲು ಪಕ್ಕಕ್ಕೆ ಬಾಗಿದ. ಕೊರಳವಸ್ತ್ರ ಬೆರಳಷ್ಟು ಜಾರಿತು. ರುಮೆನಾ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದಳು.

“ಬೇಸಿಗೇಲೂ ಅದನ್ನ ಬಿಚ್ಚಲ್ವಲ್ಲ ನೀನು?”

“ಅಮ್ಮನ ಅಭ್ಯಾಸ. ಶೀತದ ಮೈ ಅಂತ ತೊಟ್ಟಿಲಿಂದ ಕಟ್ಟಿದ್ದು, ಬಿಚ್ಚಿದ್ರೆ ಬಾರುಕೋಲು ತಗೋಳೋಳು. ನಿಂಗ್ಯಾಕೆ?”

“ನಮ್ಮನೇಲಿ ಯಾವತ್ತಾದ್ರೂ ವಾಸಿ ಮಾಡಿಸ್ಕೊಂಡಿದ್ದೀಯಾ? ನೆನಪು ಮಾಡ್ಕೊಂಡು ಹೇಳು.”

“ಥೂ! ನಿಮ್ಮ ಮಾಟ ಅಂದ್ರೆ ಅಪ್ಪ ಉರಿದುಬೀಳ್ತಿದ್ದ. ಆ ಗಾಂಚೊ ಬಿಟ್ರೆ ನಮ್ಮೋರು ಯಾರೂ ನಿಮ್ಮ ಹೊಸಿಲು ತುಳಿದಿಲ್ಲ.”

ಗಾಳಿಕಿಂಡಿಯ ಬೆಳಕು ಗೋಡೆ ಹತ್ತಿ ಮಸುಕಾಗುತ್ತಿತ್ತು. ಇನ್ನೇನು ಗಂಟೆ.

“ಹಂಗಾದ್ರೆ ಒಂದು ಕೇಳ್ತೀನಿ ಅಣ್ಣ. ನಮ್ಮಜ್ಜಿಗಾಗ್ಲಿ ನಂಗಾಗ್ಲಿ ಯಾರೂ ಒಂದು ಒಳ್ಳೆ ಮಾತು ಹೇಳಿಲ್ಲ. ಹೇಳಿದ್ರೆ ಸಾಯ್ತಾರೆ. ನೀನಂತೂ ನಮ್ಮ ಕೈ ಸೋಕದೋನು ಅಂತೀಯ. ಸಾಯೋ ಮುಂಚೆ ಒಂದ್ಸಲ ಕೇಳಿಸ್ಕೋತೀನಿ.”

ಪೀಪಾಯಿ ಅಲುಗುವಂತೆ ನಕ್ಕ ಮಾನೋಲ್. ಎದ್ದು, ಟೋಪಿ ತೆಗೆದು, ಮದುವೆ ಮನೆಯಲ್ಲಿ ಬೀಗರಿಗೆ ಬಗ್ಗುವ ಹಾಗೆ ಬಗ್ಗಿದ.

“ಗಿರಣಿ ಕೊಡಿಸಿದ ಮಹಾತಾಯಿ! ಉಪಕಾರ ಆಯ್ತು ಕಣಮ್ಮ, ರುಮೆನಾ.”

ರುಮೆನಾ ಬೀಗದ ಕೈಗೆಂದು ಕೈ ಚಾಚಿದಳು.

ಅವನ ಕಿವಿಯ ಕೆಳಗೆ ಕೊರಳವಸ್ತ್ರ ಕೆಂಪಾಗತೊಡಗಿತ್ತು: ಎಂದೋ ಒಂದು ಚಳಿಗಾಲ, ಗಂಡನಿಗೆ ಹೆದರಿ ಹಿತ್ತಿಲ ಬಾಗಿಲಿಂದ ಬಂದ ತಾಯಿಯೊಬ್ಬಳ ಮಡಿಲಲ್ಲಿದ್ದ, ತೋಳ ಕಚ್ಚಿದ ಹಸುಗೂಸಿನ ಕತ್ತಿಗೆ ಅಜ್ಜಿ ಹೆಣೆದಿದ್ದ ಬಿಳಿ ಜಡೆ ಬಿಚ್ಚಿಕೊಳ್ಳುತ್ತಿತ್ತು.