ಇಸ್ತ್ರಿ ಹಾಕಿದ ಅರ್ಜಿ

ತೆಂಗಿನ ಗೆರಟೆಯ ಕೆಂಡದ ವಾಸನೆ ಬಂದರೆ ಇವತ್ತಿಗೂ ನನ್ನ ನಾಲಿಗೆ ವಾದಕ್ಕೆ ಸಿದ್ಧವಾಗುತ್ತದೆ.

ಮೂಡುಬಿದಿರೆಯಲ್ಲಿ ಹೈಸ್ಕೂಲು ಮುಗಿಸಿದ ವರ್ಷ. ಕಾಲೇಜಿಗೆ ಹೋಗುತ್ತೇನೆಂದು ಮನೆಯಲ್ಲಿ ವಾದಿಸಿ ಗೆದ್ದಿದ್ದೆ. ಆದರೆ ಮಂಗಳೂರಿನ ಕಾಲೇಜಿನ ಅರ್ಜಿಗೆ ಇಂಗ್ಲಿಷ್ ಮಾಸ್ಟ್ರ ಸಹಿ ಬೇಕಿತ್ತು, ಸಂದರ್ಶನವೂ ಇಂಗ್ಲಿಷಿನಲ್ಲೇ ಇತ್ತು. ನಾನೋ, ಅವರ ಕ್ಲಾಸಿನಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಒಂದು ಮಧ್ಯಾಹ್ನ ಅರ್ಜಿ ಹಿಡಿದು ಅವರ ಮನೆಗೆ ಹೋದಾಗ ಮಾಸ್ಟ್ರು ಜಗಲಿಯಲ್ಲಿ ಗೆರಟೆಯ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯಿಂದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ಸಹಿ ಹಾಕುವುದಿಲ್ಲ. ಅಲ್ಲಿ ಹೋಗಿ ಏನು ಮಾತಾಡ್ತೀ?"

"ಮನೆಯಲ್ಲಿ ತುಳು ಉಂಟು, ಶಾಲೆಯಲ್ಲಿ ಕನ್ನಡ ಉಂಟು. ಪರದೇಶದ ಭಾಷೆ ನನಗೆ ಯಾಕೆ ಮಾಸ್ಟ್ರೇ?"

"ಅದನ್ನೇ ಇಂಗ್ಲಿಷಿನಲ್ಲಿ ವಾದಿಸು ನೋಡುವ."

ಸಿಟ್ಟಿನಲ್ಲಿ ಅರ್ಜಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾ ಶುರು ಮಾಡಿದೆ. ಅವರು ಪ್ರತಿ ಮಾತಿಗೂ ಎದುರು ಮಾತು ಹೇಳಿದರು. ನನ್ನ ಒಂದು ತಪ್ಪನ್ನೂ ತಿದ್ದಲಿಲ್ಲ. ಮೂರು ಅಂಗಿಗಳು ಮುಗಿದವು.

"ಆ ಹುಡುಗಿಗೆ ಒಂದು ಲೋಟ ನೀರಾದರೂ ಕೊಡಿ ಮಾರಾಯ್ರೆ!" ಎಂದರು ಒಳಗಿನಿಂದ ಅವರ ಹೆಂಡತಿ.

ನೀರು ಕುಡಿದು ಕೇಳಿದೆ, "ಗೆದ್ದೆನಾ?"

"ನೀನೇ ಸೋತೆ ಮಾರಾಯ್ತಿ. ಇಂಗ್ಲಿಷ್ ಬೇಡ ಎನ್ನಲಿಕ್ಕೆ ಇಷ್ಟು ಇಂಗ್ಲಿಷ್ ಖರ್ಚು ಮಾಡಿದೆಯಲ್ಲ!"

ಮುದ್ದೆಯಾದ ಅರ್ಜಿಯನ್ನು ಇಸಿದುಕೊಂಡು, ಇಸ್ತ್ರಿಗೆ ಇಟ್ಟಿದ್ದ ಪಂಚೆಯ ಮಡಿಕೆಯೊಳಗಿಟ್ಟು, ಮೆಲ್ಲಗೆ ಇಸ್ತ್ರಿ ಎಳೆದರು. ಆಮೇಲೆ ಸಹಿ ಹಾಕಿದರು.

"ಅಲ್ಲಿಯೂ ಹೀಗೇ ಜಗಳ ಮಾಡು."

ಮನೆಗೆ ಮರಳಲು ಗುರುವಾಯನಕೆರೆಯ ಬಸ್ಸು ಹತ್ತಿದಾಗಲೂ ಆ ಕಾಗದ ನನ್ನ ಅಂಗೈಯಲ್ಲಿ ಬೆಚ್ಚಗಿತ್ತು.