ಪೆಟ್ಟಿಗೆಯ ಗಾಳಿ

ಸುಧಾಮಣಿ ಒಲೆಯ ಮುಂದೆ ಕೂತು ಮುದ್ದೆಗೆ ಹಿಟ್ಟು ತಿರುವುತ್ತಿದ್ದಾಗ ಜಗಲಿಯ ಮಾತು ಕಿವಿಗೆ ಬಿತ್ತು. ಪಕ್ಕದ ಮನೆಯ ಜಯಲಕ್ಷ್ಮಮ್ಮ ಸೊಸೆಯ ಸೀಮಂತಕ್ಕೆ ಕರೆಯಲು ಬಂದಿದ್ದಳು.

“ಸುಧಾನೂ ಕಳ್ಸಕ್ಕ.”

“ಅವ್ಳು ಬ್ಯಾಡ ಬುಡು,” ಎಂದಳು ಅತ್ತೆ ಮಂಚಮ್ಮ. “ಮಡ್ಲು ತುಂಬೋ ಕಡೆ ಅಂಥೋಳ ಕೈ ಯಾಕೆ? ಮೈಸೂರಲ್ಲಿ ಡಾಕ್ಟ್ರು ಮೂರು ಪಿಂಡ ಒಟ್ಟೆ ಒಳೀಕೆ ಇಟ್ರೂ ಒಂದ್ನೂ ನಿಲ್ಲಿಸ್ಕಳ್ನಿಲ್ಲ. ಅಲ್ವೇನ್ಲಾ ಅಶೋಕ?”

“ಊಂ ಕಣವ್ವ,” ಎಂದ ಜಗಲಿಯಲ್ಲೇ ಕೂತಿದ್ದ ಸುಧಾಮಣಿಯ ಗಂಡ.

ಸುಧಾಮಣಿಯ ಕೈ ನಿಂತಿತು. ಹೊಟ್ಟೆಯೊಳಗೆ ಇಟ್ಟಿದ್ದರಲ್ಲವೇ ನಿಲ್ಲುವುದು? ಮೂರು ಪಿಂಡಗಳೂ ಆಸ್ಪತ್ರೆಯಲ್ಲಿ ಅವನ್ನು ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯೊಳಗೆ, ಗಾಜಿನ ತಟ್ಟೆಯಲ್ಲೇ ಮೂರನೆಯ ದಿನ ಬೆಳೆಯುವುದನ್ನು ನಿಲ್ಲಿಸಿದ್ದವು. “ಗರ್ಭದಲ್ಲಿ ಆಕ್ಸಿಜನ್ ಕಡಿಮೆ ಇರುತ್ತಮ್ಮ. ನಮ್ಮ ಪೆಟ್ಟಿಗೆಯಲ್ಲಿ ಹೊರಗಿನ ಗಾಳಿಯಷ್ಟೇ ಇದೆ. ಅದೇ ಹೆಚ್ಚಾಯಿತೋ ಏನೋ, ಖಂಡಿತವಾಗಿ ಹೇಳಲಾರೆ. ಮುಂದಿನ ಸಲ ಕಡಿಮೆ ಮಾಡಿ ನೋಡೋಣ” ಎಂದು ಡಾಕ್ಟರಮ್ಮ ಬಿಡಿಸಿ ಹೇಳುವಾಗ ಅಶೋಕ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದ. ಊರಿಗೆ ಬಂದವನು ಅವ್ವನ ಮುಂದೆ ಹೆಂಡತಿಯ ಹೊಟ್ಟೆಯತ್ತ ಬೆರಳು ತೋರಿಸಿದ್ದ! ಅವನಿಗೆ ಅದೇ ಸುಲಭವಾಗಿತ್ತು.

“ಏನಮ್ಮಿ, ಇಟ್ಟು ಸೀದೋಯ್ತಾ ಐತೆ! ಮೂಗಿಲ್ವಾ ನಿಂಗೆ?” ಅತ್ತೆ ಕೂಗಿದಳು.

ಅವಳು ಪಾತ್ರೆಯನ್ನು ಇಳಿಸಿದಳು. ನಾಳೆ ಶೀಳನೆರೆಗೆ ಹೋಗಿ ಅಲ್ಲಿನ ಎಸ್‌ಟಿಡಿ ಬೂತಿನಿಂದ ಡಾಕ್ಟರಮ್ಮನಿಗೆ ಫೋನು ಮಾಡಿ ದಿನ ಗೊತ್ತು ಮಾಡಬೇಕು. ಆ ದಿನ ಗಂಡ ಗದ್ದೆಗೆ ಹೋಗಲಿ. ಮೈಸೂರಿನ ಬಸ್ಸಿಗೆ ಅತ್ತೆಯನ್ನು ಹತ್ತಿಸಬೇಕು. ಡಾಕ್ಟರಮ್ಮನ ಎದುರು ಕೂತು ಅತ್ತೆ ತನ್ನ ಕಿವಿಯಿಂದಲೇ ಎಲ್ಲ ಕೇಳಲಿ.

“ಬನ್ನಿ ಅತ್ತೆ, ಉಣ್ಣೀರಂತೆ,” ಎಂದಷ್ಟೇ ಕರೆದಳು.